ನಮ್ಮ ಬೀದಿಯ ಶಾಂತಿಫಲಕದ ಮೇಲೆ ಸೊನ್ನೆ ಬರೆದವನು ನಾನೇ

ಅಹಿಂಸಾ ಆಚರಣೆ ವಿಭಾಗದ ಮಾನ್ಯ ಅಧಿಕಾರಿಗಳೇ,

ಮೊದಲು ಆದ ಖರ್ಚು ಹೇಳಿಬಿಡುತ್ತೇನೆ. ಕರಿಹಲಗೆ ಒಂದು, ಸೀಮೆಸುಣ್ಣ ಒಂದು ಡಬ್ಬಿ, ಬೀಗ ಹಾಕಿದ ತಗಡಿನ ಪೆಟ್ಟಿಗೆ ಒಂದು. ಇವು ನಿಮ್ಮವು. ಕೆಟ್ಟ ಕೈಗಡಿಯಾರ ಹನ್ನೊಂದು, ಮುನಿಸಿಕೊಂಡು ಹೋದ ಗಿರಾಕಿ ಹದಿನಾಲ್ಕು, ಕೈಗೆ ಬಂದು ಬಾಯಿಗೆ ಬಾರದ ಕಲ್ಲುಬೆಂಚು ಒಂದು, ಕೂದಲೆಳೆಯಲ್ಲಿ ಉಳಿದ ಇಪ್ಪತ್ತೆರಡು ವರ್ಷದ ಗೆಳೆತನ ಒಂದು. ಇವು ನಮ್ಮವು. ಇಷ್ಟಾದ ಮೇಲೂ ನೋಟಿಸು ಬಂದಿರುವುದು ನನಗೆ! "ಶಾಂತಿಫಲಕವನ್ನು ವಿರೂಪಗೊಳಿಸಿ, ಅಹವಾಲು ಪೆಟ್ಟಿಗೆಯನ್ನು ಅಕ್ರಮವಾಗಿ ತೆರೆದ ಬಗ್ಗೆ ಹದಿನೈದು ದಿನದೊಳಗೆ ವಿವರಣೆ ನೀಡತಕ್ಕದ್ದು." ಕೊಡುತ್ತೇನೆ. ನಾಲ್ಕು ಜನರ ಎದುರಿಗೇ ಕೊಡೋಣ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಮ್ಮೂರಿನ ಶಾಂತಿನಾಯಕಿಯ ಜನ್ಮಶತಾಬ್ದಿಗೆ ನಾವೆಲ್ಲ ದಿನನಿತ್ಯ ಅಹಿಂಸೆ ಪಾಲಿಸಬೇಕೆಂದು ತಾವು ಬಯಸಿದಿರಿ. ಒಳ್ಳೆಯದೇ. ಕಾರ್ಖಾನೆಗಳಲ್ಲಿ ಅಪಘಾತವಿಲ್ಲದ ದಿನ ಎಣಿಸುತ್ತಾರಲ್ಲ, ಅದೇ ಧಾಟಿಯಲ್ಲಿ ಬೀದಿಗೊಂದು ಹಲಗೆ ಬಂತು: "ಇಲ್ಲಿ ಜಗಳವಿಲ್ಲದ ದಿನಗಳು", ಮುಂದೆ ಖಾಲಿ ಚೌಕ. ಯಾರಾದರೂ ದನಿ ಏರಿಸಿದರೆ, ಗೋಡೆ ಗುದ್ದಿದರೆ, ಅಂಕಿ ಸೊನ್ನೆಗೆ. ಮೂವತ್ತು ಮುಟ್ಟಿದ ಬೀದಿಗೆ ನಾಯಕಿಯ ಹೆಸರು ಕೆತ್ತಿದ ಕಲ್ಲುಬೆಂಚು. ತಕರಾರಿದ್ದವರು "ಸೌಮ್ಯ ಅಹವಾಲು" ನಮೂನೆ ತುಂಬಿ ಪೆಟ್ಟಿಗೆಗೆ ಹಾಕತಕ್ಕದ್ದು. ಪೆಟ್ಟಿಗೆಯನ್ನು ಮೂವತ್ತನೆಯ ದಿನ ತೆರೆಯಲಾಗುವುದು. ಅಂದರೆ ಪಕ್ಕದ ಮನೆಯಿಂದ ಬೆಂಕಿ ಹಬ್ಬುತ್ತಿದ್ದರೂ ತಿಂಗಳ ಕೊನೆಯವರೆಗೆ ಸೌಮ್ಯವಾಗಿ ಸುಡುತ್ತಿರಬೇಕು ಎಂದಾಯಿತು.

ನನ್ನ ತಪ್ಪನ್ನೂ ಇಲ್ಲೇ ಬರೆಯುತ್ತೇನೆ, ಬಿಟ್ಟರೆ ಲೆಕ್ಕ ತಾಳೆಯಾಗದು. ಫಲಕಕ್ಕೆ ಮೊಳೆ ಹೊಡೆದದ್ದು ನನ್ನ ಬೀಗದ ಅಂಗಡಿಯ ಗೋಡೆಗೆ. ಸೀಮೆಸುಣ್ಣದ ಉಸ್ತುವಾರಿ ನನಗೆ. ಬೆಂಚು ಬಂದರೆ ನನ್ನ ಬಾಗಿಲ ಮುಂದೆಯೇ ಸರಿ ಎಂದು ಎರಡನೆಯ ದಿನವೇ ಟೇಪು ಹಿಡಿದು ಅಳೆದಿದ್ದೆ. ಕೀಲಿಕೈ ಮಾಡಿಸಲು ಬಂದವರು ಇಪ್ಪತ್ತೆರಡು ವರ್ಷದಿಂದ ನಿಂತೇ ಕಾಯುತ್ತಿದ್ದಾರೆ. ನಾಯಕಿಯ ಹೆಸರಿನ ಮೇಲೆ ಅವರು ಕೂತರೆ ಆಕೆಗೂ ಗೌರವ, ನನಗೂ ವ್ಯಾಪಾರ.

ಜನರೂ ಪಳಗಿದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಅದು ಮೂಲೆ ದಾಟುವ ತನಕ ಎಂದಾಯಿತು. ತರಕಾರಿ ಅಂಗಡಿಯ ದಂಪತಿ ಸಂಜೆ ಕೈಕೈ ಹಿಡಿದು ಮೂಲೆ ದಾಟುವರು, ಪಕ್ಕದ ಬೀದಿಯಲ್ಲಿ ನಿಂತು ಮನಸಾರೆ ಕಿತ್ತಾಡುವರು, ಮತ್ತೆ ಕೈಕೈ ಹಿಡಿದು ಮರಳುವರು. ಆ ಬೀದಿಯ ಅಂಕಿ ಎರಡರ ಮೇಲೆ ಹೋಗಲೇ ಇಲ್ಲ, ಪಾಪ. ತಾವು ಅವರಿಗೆ ಎಚ್ಚರಿಕೆ ಪತ್ರ ಕಳಿಸಿದಿರಿ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಈಗ ಪಕ್ಕದಂಗಡಿಯ ಗಡಿಯಾರದವನ ವಿಷಯ. ಸಣಕಲು ದೇಹ, ಒಂದು ಕ್ಷಣ ನಿಂತಲ್ಲಿ ನಿಲ್ಲುವವನಲ್ಲ. ಬೀದಿಗೆಲ್ಲ ಅವನು ಸೆಕೆಂಡ್ ಮುಳ್ಳು. ನಮ್ಮಿಬ್ಬರ ನಡುವೆ ಇರುವುದು ಒಂದು ಹಲಗೆಯ ಗೋಡೆ, ಅದೂ ಸೂರು ಮುಟ್ಟುವುದಿಲ್ಲ. ನಾನು ಮೆಷಿನ್ನಿನಲ್ಲಿ ಕೀಲಿಕೈ ಕೊರೆದರೆ ಹಿತ್ತಾಳೆ ಪುಡಿ ಆಚೆ ಹಾರುತ್ತದೆ. ಬಿಚ್ಚಿದ ವಾಚಿನೊಳಗೆ ಅದರ ಒಂದು ಕಣ ಬಿದ್ದರೂ ವಾಚಿನ ಕಥೆ ಮುಗಿಯಿತು. ಅದಕ್ಕೇ ನಮ್ಮಲ್ಲೊಂದು ಪದ್ಧತಿ ಬೆಳೆದಿತ್ತು. ಅವನು ವಾಚಿನ ಬೆನ್ನು ತೆರೆಯುವ ಮೊದಲು ಕೂಗುತ್ತಿದ್ದ: "ಲೇ ಕತ್ತೆ, ನಿಲ್ಸೋ!" ನಾನು ನಿಲ್ಲಿಸಿ, "ನಿನ್ನ ಮೂಗು ಮುಚ್ಕೊಂಡು ಕೆಲಸ ಮಾಡೋ!" ಎನ್ನುತ್ತಿದ್ದೆ. ಕೆಲಸ ಮುಗಿದರೆ ಹಲಗೆಗೆ ಎರಡು ಏಟು. ಮತ್ತೆ ಮೆಷಿನು. ದಿನಕ್ಕೆ ಹತ್ತು ಸಲ. ತಮ್ಮ ಕಿವಿಗೆ ಇದು ಹಿಂಸೆ. ನಮಗೆ ಇದು ಕಸುಬು.

ಫಲಕ ಬಂದ ಮೊದಲೆರಡು ದಿನ ಅವನಂಗಡಿ ಮುಚ್ಚಿತ್ತು. ಮೂರನೆಯ ದಿನ ಅವನು "ಲೇ ಕ..." ಎನ್ನುತ್ತಿದ್ದಂತೆ ನಾನೇ ಓಡಿಹೋಗಿ ತುಟಿಗೆ ಬೆರಳಿಟ್ಟೆ. "ಶ್ಶ್! ಬೋರ್ಡು ಕಣೋ, ಬೋರ್ಡು!" ಅವನು ಬಾಯಿ ಮುಚ್ಚಿದ. ಆಮೇಲೆ ತೆರೆಯಲಿಲ್ಲ.

ನನಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳು. ಮೆಷಿನು ತಡೆಯಿಲ್ಲದೆ ಓಡುತ್ತಿತ್ತು, ದಿನಕ್ಕೆ ಆರು ಕೀಲಿಕೈ ಹೆಚ್ಚು. ಅಹಿಂಸೆ ಇಷ್ಟು ಲಾಭದ್ದೆಂದು ಮೊದಲೇ ಯಾರೂ ಹೇಳಿರಲಿಲ್ಲವಲ್ಲ ಎಂದುಕೊಂಡೆ. ಅವನು ಏನು ಮಾಡುತ್ತಿದ್ದಾನೆಂದು ಹಲಗೆಯಾಚೆ ಇಣುಕಲಿಲ್ಲ.

ಇಪ್ಪತ್ತೊಂಬತ್ತನೆಯ ದಿನ ನೋಡಿದರೆ ಅವನು ಗೋಡೆಯ ಗಡಿಯಾರಗಳನ್ನು ಇಳಿಸಿ ಪೆಟ್ಟಿಗೆಗೆ ತುಂಬುತ್ತಿದ್ದ.

"ಏನೋ ಇದು?"

"ಅಂಗಡಿ ಖಾಲಿ ಮಾಡ್ತಿದೀನಿ."

"ಯಾಕೆ?"

"ಬರೆದು ಹಾಕಿದೀನಿ," ಎಂದು ತಮ್ಮ ಅಹವಾಲು ಪೆಟ್ಟಿಗೆಯ ಕಡೆ ಗಲ್ಲ ತೋರಿಸಿದ. "ನಾಳೆ ತೆಗೀತಾರಲ್ಲ. ಓದ್ಕೋ."

ನಾಳೆಯವರೆಗೆ ಕಾಯುವ ಸೌಮ್ಯತೆ ನನಗಿರಲಿಲ್ಲ. ಆ ಬೀಗ, ಕ್ಷಮಿಸಿ, ಜೋರಾಗಿ ಉಸಿರು ಬಿಟ್ಟರೂ ತೆರೆದುಕೊಳ್ಳುವಂಥದ್ದು. ಒಂದು ತಂತಿ ಸಾಕಾಯಿತು. ಪೆಟ್ಟಿಗೆಗೆ ಒಂದು ಗೀರೂ ಆಗಿಲ್ಲ. ಅಹಿಂಸಾತ್ಮಕವಾಗಿಯೇ ತೆರೆದಿದ್ದೇನೆ, ಬೇಕಾದರೆ ಪರೀಕ್ಷಿಸಿ.

ಇಡೀ ಬೀದಿಯಿಂದ ಬಿದ್ದಿದ್ದದ್ದು ಏಳು ನಮೂನೆ. ಏಳೂ ಅವನವೇ. "ಅಹವಾಲುದಾರರ ಮನಃಸ್ಥಿತಿ: ಪ್ರಸನ್ನ / ಅತಿ ಪ್ರಸನ್ನ" ಎಂಬಲ್ಲಿ ನಿಯಮದಂತೆ "ಪ್ರಸನ್ನ"ಕ್ಕೆ ಗುರುತು ಹಾಕಿದ್ದ. ಮೊದಲನೆಯದು: "ಮೂರನೆಯ ದಿನ, ಬೆಳಿಗ್ಗೆ ಹನ್ನೊಂದು ಹತ್ತು. ಈಗ ಒಂದು ವಾಚು ಬಿಚ್ಚಿದ್ದೇನೆ. ಪಕ್ಕದ ಅಂಗಡಿಯವರು ದಯಮಾಡಿ ಎಂಟು ನಿಮಿಷ ಮೆಷಿನ್ ನಿಲ್ಲಿಸಬೇಕಾಗಿ ವಿನಂತಿ." ಇಪ್ಪತ್ತೆರಡು ವರ್ಷದಲ್ಲಿ ಅವನು ನನ್ನನ್ನು "ಅವರು" ಎಂದದ್ದು ಅದೇ ಮೊದಲು. ಯಾವ ಬೈಗುಳವೂ ನನಗೆ ಅಷ್ಟು ಚುಚ್ಚಿರಲಿಲ್ಲ. ಏಳನೆಯದು: "ಇನ್ನು ನಿಲ್ಲಿಸುವ ಅಗತ್ಯವಿಲ್ಲ. ವಾಚು ಕೊಡಲು ಯಾರೂ ಬರುತ್ತಿಲ್ಲ."

ಕಾಗದ ಹಿಡಿದು ಅವನಂಗಡಿಗೆ ನುಗ್ಗಿದೆ. "ಬಾಯಿ ಸತ್ತೋಗಿತ್ತೇನೋ ನಿಂಗೆ? ಹಲಗೆ ಒದ್ದಾದ್ರೂ ಹೇಳ್ಬಾರ್ದಾ?"

"ಕೂಗ್ಬೇಡ. ಇಪ್ಪತ್ತೊಂಬತ್ತಾಗಿದೆ. ನಿನ್ನ ಬೆಂಚು ಹೋಗುತ್ತೆ."

"ಬೆಂಚಿಗೆ ಬೆಂಕಿ ಬೀಳ್ಲಿ!"

"ಕಲ್ಲಿಗೆ ಬೆಂಕಿ ಹತ್ತಲ್ವೋ ಕತ್ತೆ!"

ತಿಂಗಳ ಮೇಲೆ ಕಿವಿಗೆ ಬಿದ್ದ ಮಾತು! ಆಮೇಲೆ ಅವನನ್ನು ತಡೆಯುವವರಿರಲಿಲ್ಲ. "ಶ್ಶ್ ಅಂದೋನು ಯಾರು? ನೀನು! ನಾನು ಸುಮ್ನಿದ್ದಾಗ ಚೆನ್ನಾಗಿ ದುಡ್ಕೊಂಡೋನು ಯಾರು? ನೀನು!" ಬೀದಿಯೆಲ್ಲ ಬಾಗಿಲಿಗೆ ಬಂತು. ಅವನು ಹೇಳಿದ್ದು ಅಕ್ಷರಶಃ ನಿಜವಾದ್ದರಿಂದ ನಾನು ಹೊರಗೆ ಬಂದು, ಇಪ್ಪತ್ತೊಂಬತ್ತು ಅಳಿಸಿ, ಬೋರ್ಡಿನ ತುಂಬ ದೊಡ್ಡದಾಗಿ ಸೊನ್ನೆ ಬರೆದೆ. ತಾವು ವಿರೂಪ ಎಂದದ್ದು ಅದನ್ನೇ.

"ಗಡಿಯಾರ ಇಳಿಸೋಕೇ ಎರಡು ದಿನ ಹಿಡೀತು. ಈಗ ಏರಿಸೋರ್ಯಾರು?" ಎಂದ.

"ನಾನು."

"ನೀನಾ? ಸೊಟ್ಟಗೆ ಹಾಕ್ತೀಯ."

ಮೂವತ್ತೊಂದು ಗಡಿಯಾರ. ಸೊಟ್ಟಗೇ ಹಾಕಿದೆ.

ಮಾನ್ಯರೇ, ತಾವು ಗೌರವಿಸಹೊರಟ ಆ ತಾಯಿಯನ್ನು ತಾವು ಕಂಡಿಲ್ಲ, ನಮ್ಮಮ್ಮ ಕಂಡಿದ್ದಳು. ತಮ್ಮ ಇದೇ ಕಚೇರಿಯ ಮೆಟ್ಟಿಲ ಮೇಲೆ ಆ ತಾಯಿ ಕೂತು, ಹೋಗುವ ಬರುವ ಪ್ರತಿ ಅಧಿಕಾರಿಗೂ ಒಂದೇ ಪ್ರಶ್ನೆಯನ್ನು ಎದುರಿಗೇ, ಗಟ್ಟಿಯಾಗಿ, ಉತ್ತರ ಸಿಗುವ ತನಕ ಕೇಳುತ್ತಿದ್ದರಂತೆ. "ಆಯಮ್ಮ ಒಬ್ಬರ ಮೇಲೂ ಕೈ ಎತ್ಲಿಲ್ಲ, ಒಬ್ಬರನ್ನೂ ಸುಮ್ನೆ ಬಿಡ್ಲಿಲ್ಲ," ಎನ್ನುತ್ತಿದ್ದಳು ಅಮ್ಮ. ತಮ್ಮ ಫಲಕದ ಲೆಕ್ಕದಲ್ಲಿ ಆಕೆಯ ಬದುಕು ಒಂದು ದಿನವೂ ಸೊನ್ನೆ ದಾಟುತ್ತಿರಲಿಲ್ಲ. ಪಕ್ಕದವನ ಅನ್ನಕ್ಕೆ ಹಿತ್ತಾಳೆ ಪುಡಿ ಉದುರಿಸುತ್ತ ಮೆತ್ತಗೆ ಮುಗುಳ್ನಕ್ಕ ನಾನು ಮಾತ್ರ ತಮ್ಮ ಪುಸ್ತಕದಲ್ಲಿ ಇಪ್ಪತ್ತಾರು ದಿನದ ಅಹಿಂಸಾವಾದಿ. ಇದು ಯಾವ ಊರಿನ ನ್ಯಾಯ?

ಆದ್ದರಿಂದ ಕೇಳಿಕೊಳ್ಳುವುದೇನೆಂದರೆ, ಆ ಫಲಕವನ್ನು ನನ್ನ ಗೋಡೆಯಿಂದ ಕಿತ್ತು ತಮ್ಮ ಕಚೇರಿಯ ಬಾಗಿಲಿಗೆ ಹೊಡೆಯಿರಿ. "ದೂರಿಗೆ ಉತ್ತರ ಕೊಡದೆ ಕಳೆದ ದಿನಗಳು" ಎಂದು ಬರೆದು, ದಿನಾ ತಮ್ಮ ಕೈಯಿಂದಲೇ ಅಂಕಿ ಹಾಕಿ. ಸೀಮೆಸುಣ್ಣ ಅರ್ಧ ಡಬ್ಬಿ ಉಳಿದಿದೆ, ಕಳಿಸಿಕೊಡುತ್ತೇನೆ. ಸೆಕೆಂಡ್ ಮುಳ್ಳಿನ ಏಳು ಅಹವಾಲಿಗೂ ಏಳು ಉತ್ತರ ಬರಲಿ. ನನ್ನ ನೋಟಿಸಿಗೆ ವಿವರಣೆ ಇಷ್ಟೇ.

ಯಾರಿಗೆ ಏನು ಸಿಕ್ಕಿತು: ಪಕ್ಕದ ಬೀದಿಗೆ ನಮ್ಮ ಜಗಳ. ತರಕಾರಿಯವರಿಗೆ ಸಂಜೆಯ ನಡಿಗೆ. ಕಲ್ಲುಬೆಂಚು ಗೋದಾಮುಗಳ ಬೀದಿಗೆ. ಅಲ್ಲಿ ಮನುಷ್ಯರ ವಾಸವಿಲ್ಲ, ಅಂಕಿ ಮೂವತ್ತು ಮುಟ್ಟಿತು. ತಮಗೆ ಆ ಬೆಂಚಿನ ಮೇಲೆ ಕೂತ ಒಂದು ಫೋಟೋ. ಸೆಕೆಂಡ್ ಮುಳ್ಳಿಗೆ ಮರಳಿ ಬಂದ ಗಿರಾಕಿ ನಾಲ್ಕು. ನನಗೆ ದಿನಕ್ಕೆ ಆರು ಕೀಲಿಕೈ ಕಡಿಮೆ, ಕತ್ತೆ ಎನ್ನುವ ಮನುಷ್ಯ ಒಬ್ಬ.

ಇಂತಿ,
ಹಲಗೆಗೆ ಎರಡು ಏಟು ಬೀಳುವ ತನಕ ಕೈಕಟ್ಟಿ ಕೂತಿರುವ
ಬೀಗದ ಅಂಗಡಿಯವನು