ಮುಳ್ಳು ಮಾತ್ರ ಉಳಿದ ತಟ್ಟೆ

ಶಿರಸಿ,
೨೦ ಸೆಪ್ಟೆಂಬರ್ ೨೦೨೪, ಶುಕ್ರವಾರ

ಪ್ರೀತಿಯ ಮಗ ತಾರಿಕ್‌ಗೆ ನಿನ್ನ ಅಬ್ಬಾನ ಸಲಾಮು ಮತ್ತು ದುವಾ.

ಹೇಗಿದ್ದೀಯ? ಹಡಗಿನ ಎಂಜಿನ್ ರೂಮಿನ ಬಿಸಿಗೆ ಬೆನ್ನೆಲ್ಲ ಬೆವರುಸಾಲೆ ಎದ್ದಿದೆ ಎಂದಿದ್ದೆ, ಕಡಿಮೆಯಾಯಿತೇ? ನೀರು ಜಾಸ್ತಿ ಕುಡಿ. ಇಲ್ಲಿ ನಿನ್ನ ಅಕ್ಕ ಫಿರ್ದೌಸ್, ಅಳಿಯ ಆರಾಮ ಇದ್ದಾರೆ. ನಾನೂ ಆರಾಮ ಎಂದೇ ಬರೆಯಬೇಕು, ಜ್ವರ ಬಿಟ್ಟು ತಿಂಗಳ ಮೇಲಾಯಿತು. ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಪತ್ರಕ್ಕೆ ಬೆಳಗಿನಿಂದ ಮೂರು ಸಲ ಕೂತೆ, ಮೂರು ಸಲ ಎದ್ದೆ. ಒಮ್ಮೆ ಪೆನ್ನಿಗೆ, ಒಮ್ಮೆ ಕನ್ನಡಕಕ್ಕೆ, ಮೂರನೆಯ ಸಲ ಯಾಕೆ ಎದ್ದೆನೋ ನನಗೇ ಗೊತ್ತಿಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನು ಹಿಡಿದರೆ ನಿನ್ನ ಅಕ್ಕ ಪಕ್ಕದಲ್ಲೇ ನಿಂತಿರುತ್ತಾಳೆ. ಅದಕ್ಕೇ ನಿನ್ನ ಕಂಪನಿಯ ಮುಂಬಯಿ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಯಾವ ಬಂದರಿನಲ್ಲಿ ಸಿಗುತ್ತದೋ ಸಿಗಲಿ.

ಡಿಸೆಂಬರಿನಲ್ಲಿ ಹಡಗು ಇಂಗ್ಲೆಂಡಿಗೆ ಹೋಗುತ್ತದೆ, ಅಲ್ಲಿ ಬಂದರಿನ ಎದುರು ಫಿಶ್ ಆಂಡ್ ಚಿಪ್ಸ್ ಅಂಗಡಿಗಳು ಸಾಲಾಗಿ ಇವೆಯಂತೆ, ಯಾವುದಕ್ಕೆ ನುಗ್ಗಬೇಕು ಅಬ್ಬಾ ಎಂದು ಕೇಳಿದ್ದೀಯ. ನೀನು ಕೇಳಿದ್ದು ಖುಷಿಯಾಯಿತು, ಯಾಕಾದರೂ ಕೇಳಿದೆಯೋ ಎಂದೂ ಅನಿಸಿತು. ಮೂವತ್ತೊಂದು ವರ್ಷ ಘಟ್ಟದ ಮೇಲೂ ಕೆಳಗೂ ಲಾರಿ ಓಡಿಸಿದ ನಿನ್ನ ಅಪ್ಪ ಒಂದು ದಿನವೂ ಹಾಳು ಮೀನು ತಿನ್ನಲಿಲ್ಲ. ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಸೀಯಿಂಗ್ ಈಸ್ ಬಿಲೀವಿಂಗ್ ಎನ್ನುತ್ತಿದ್ದರು. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನಾನು ಲಾರಿ ಹತ್ತಿದ ಮೇಲೆ ಅದನ್ನು ತಿದ್ದಿಕೊಂಡೆ: ಸ್ಮೆಲ್ಲಿಂಗ್ ಈಸ್ ಬಿಲೀವಿಂಗ್. ನಿನ್ನ ಅಮ್ಮಿ ಸಕೀನಾ ಇದ್ದಾಗ ನಗುತ್ತಿದ್ದಳು, ‘ಕೈಗೆ ಲೈಸೆನ್ಸ್ ಕೊಟ್ಟಿದ್ದಾರೆ, ನಿಮ್ಮ ಮೂಗಿಗೂ ಒಂದು ಮಾಡಿಸಿಬಿಡಿ’ ಅಂತ.

ಇರಲಿ, ಕೇಳು. ಹೊಸ ಊರಿನಲ್ಲಿ ಮೀನಿನ ಹೋಟೆಲಿಗೆ ಹೋದರೆ ಮೀನು ತಾಜಾ ಇದೆಯಾ ಎಂದು ಕೇಳಬೇಡ. ಇಲ್ಲ ಎನ್ನುವ ಹೋಟೆಲಿನವನು ಇನ್ನೂ ಹುಟ್ಟಿಲ್ಲ. ಇವತ್ತು ಯಾವ ಮೀನು ಇಲ್ಲ ಎಂದು ಕೇಳು. ಅಲ್ಲಿ ‘ವಾಟ್ ಈಸ್ ನಾಟ್ ದೇರ್ ಟುಡೇ’ ಎಂದರೆ ತಿಳಿದೀತು. ಕೊನೆಗೆ ಪ್ಲೀಸ್ ಸೇರಿಸು. ಎಲ್ಲಾ ಇದೆ ಬನ್ನಿ ಎಂದರೆ ಅಲ್ಲಿಂದಲೇ ತಿರುಗು, ಎಲ್ಲಾ ಮೀನು ಒಂದೇ ದಿನ ಬಲೆಗೆ ಬೀಳುವುದಿಲ್ಲ. ಬಂದರಿನ ಎದುರಿನ ಮೊದಲ ಸಾಲು ಹಡಗಿನವರ ಹಸಿವು ನಂಬಿ ಬದುಕುವಂಥದ್ದು, ಅದನ್ನು ಬಿಡು. ಎರಡು ಓಣಿ ಒಳಗೆ ಹೋಗಿ ಆ ಊರಿನ ಹೆಂಗಸರು ಮಕ್ಕಳ ಕೈ ಹಿಡಿದು ಸಾಲು ನಿಂತ ಅಂಗಡಿ ನೋಡು. ಕರಿದು ಗಾಜಿನ ಪೆಟ್ಟಿಗೆಯಲ್ಲಿ ರಾಶಿ ಹಾಕಿಟ್ಟಿದ್ದರೆ ಬೇಡ, ಬಜ್ಜಿಯ ಲೆಕ್ಕವೇ ಮೀನಿಗೂ, ಕೇಳಿದ ಮೇಲೆ ಎಣ್ಣೆಗೆ ಬಿಡಬೇಕು. ನಿಲ್ಲಿಸಿ ಕಾಯಿಸುವ ಅಂಗಡಿಯೇ ಒಳ್ಳೆಯದು. ಇನ್ನೊಂದು, ಅಲ್ಲಿ ಮೀನಿಗೆ ದಪ್ಪ ಹಿಟ್ಟಿನ ಮುಸುಕು ಹಾಕುತ್ತಾರೆ ಎಂದೆಯಲ್ಲ, ಮುಸುಕಿನೊಳಗೆ ಯಾರಿದ್ದಾರೆ ಎಂದು ಹೆಸರು ಕೇಳು. ಬರೀ ಫಿಶ್ ಎಂದರೆ ಎದ್ದು ಬಾ, ಹೆಸರಿಲ್ಲದ ಮೀನು ತಿನ್ನಬಾರದು. ಯಾವುದರಲ್ಲಿ ಕರಿಯುತ್ತಾರೆ ಎಂದೂ ಕೇಳು, ಕೆಲವು ಕಡೆ ಹಂದಿಯ ಕೊಬ್ಬಂತೆ. ನಾಚಿಕೆ ಬೇಡ.

ಇದನ್ನೆಲ್ಲ ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಅರ್ಧಕ್ಕರ್ಧ ಕಲಿತದ್ದು ಸಿದ್ದಾಪುರ ದಾಟಿದ ಮೇಲೆ ಜೋಗದ ರಸ್ತೆಯಲ್ಲಿರುವ ಮಂಜಿಯ ಹೋಟೆಲಿನಲ್ಲಿ. ಬಿಳಗಿ ಕಡೆಯ ಮಂಜಿ, ನಾಲ್ಕು ಬೆಂಚು, ಒಂದು ಒಲೆ. ಚಿಕ್ಕವನಿದ್ದಾಗ ನೀನೂ ಲಾರಿಯಲ್ಲಿ ಬಂದು ಅಲ್ಲಿ ಬಂಗಡೆ ತಿಂದಿದ್ದೀಯ. ಜೂನ್ ಜುಲೈ ತಿಂಗಳು ದೋಣಿ ಕಡಲಿಗಿಳಿಯದ ಕಾಲದಲ್ಲಿ ಎಲ್ಲರೂ ಎಲ್ಲಿಂದಲೋ ತಂದ ಐಸಿನ ಮೀನು ಕರಿದು ಹಾಕಿದರೆ, ಅವಳು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಹಸಿಮೀನು ಇಲ್ಲ’ ಎಂದು ಬರೆದು ಒಣಮೀನಿನ ಚಟ್ನಿ ಹಾಕುತ್ತಿದ್ದಳು. ನಾನು ತಟ್ಟೆ ಮೂಗಿನ ಹತ್ತಿರ ಹಿಡಿದರೆ ‘ಎಂತಕ್ಕೆ ಸುಬಾನಣ್ಣ, ಪೊಲೀಸ್ ನಾಯಿ ಹಾಂಗೆ ಮೂಸುದು?’ ಎಂದು ನಗುತ್ತಿದ್ದಳು.

ಆ ಮಂಜಿಯ ವಿಷಯಕ್ಕೇ ನನಗೆ ಕೂರಲಾಗದಿರುವುದು.

ಆಗಸ್ಟ್ ಹದಿನೆಂಟರ ಭಾನುವಾರ ಫಿರ್ದೌಸಳ ಅತ್ತೆ ಮಾವ ಯಲ್ಲಾಪುರದಿಂದ ಬಂದಿದ್ದರು. ಎಲ್ಲ ಸೇರಿ ಒಂಬತ್ತು ಜನ ಟೆಂಪೋದಲ್ಲಿ ಜೋಗಕ್ಕೆ ಹೊರಟೆವು. ಊಟ ಎಲ್ಲಿ ಎಂದಾಗ ಬೀಗರು, ಸುಭಾನ್ ಸಾಹೇಬರು ಇರುವಾಗ ನಾವು ಯಾಕೆ ಕೇಳಬೇಕು ಎಂದರು. ಎದೆಯುಬ್ಬಿಸಿ ಮಂಜಿಯಲ್ಲಿಗೆ ಕರೆದುಕೊಂಡು ಹೋದೆ. ಎರಡು ತಿಂಗಳು ಕಡಲು ಬಂದ್, ಆಮೇಲೆ ನನ್ನ ಜ್ವರ, ಮೀನಿಗೆ ಬಾಯಿ ಹಾತೊರೆಯುತ್ತಿತ್ತು. ಬಂಗಡೆ ಬಂತು. ಬಾಯಿಯ ಹತ್ತಿರ ತಂದೆ. ರಬ್ಬರು ಸುಟ್ಟ ವಾಸನೆ ಮಗಾ, ಅದರ ಹಿಂದೆ ಗಟಾರದ ವಾಸನೆ. ಎದ್ದು ನಿಂತು ಯಾರೂ ಮುಟ್ಟಬೇಡಿ ಎಂದು ಕೂಗಿದೆ. ಬೀಗರ ಮುಂದಿನ ತಟ್ಟೆಯನ್ನು ನಾನೇ ತಳ್ಳಿದೆ. ಹಳಸಿದ್ದು ಹಾಕುತ್ತೀಯಾ ಮಂಜಿ, ಇಷ್ಟು ವರ್ಷದ ಮೇಲೆ ನನಗೇ ಹಾಕುತ್ತೀಯಾ ಎಂದೆ. ಹೋಟೆಲಿನಲ್ಲಿ ಬೇರೆ ಗಿರಾಕಿಗಳೂ ಇದ್ದರು. ಮಂಜಿ ಸೌಟು ಹಿಡಿದುಕೊಂಡೇ ಬಂದಳು. ‘ಬೆಳಿಗ್ಗೆ ಹೊನ್ನಾವರದಿಂದ ಬಂದದ್ದು ಸುಬಾನಣ್ಣ, ಕಿವಿರು ಎತ್ತಿ ನೋಡಿಯೇ ತಕಂಡದ್ದು’ ಎಂದಳು. ನಾನು ಕೇಳಲಿಲ್ಲ. ಆಗ ಅವಳು ನನ್ನ ತಟ್ಟೆ ಎಳೆದುಕೊಂಡು, ನನ್ನ ಎದುರೇ ನಿಂತು, ಆ ಬಂಗಡೆಯನ್ನು ತಿಂದಳು. ಅವಸರವಿಲ್ಲದೆ, ತಲೆ ಸಮೇತ. ತಟ್ಟೆಯಲ್ಲಿ ಮುಳ್ಳು ಮಾತ್ರ ಉಳಿಯಿತು. ನಾಟಕ ಎಂದುಕೊಂಡು ಎಲ್ಲರನ್ನೂ ಎಬ್ಬಿಸಿ ಹೊರಡಿಸಿದೆ. ಟೆಂಪೋದಲ್ಲಿ ಕೂತು ಘಟ್ಟದ ಡ್ರೈವರುಗಳ ವಾಟ್ಸಾಪ್ ಗ್ರೂಪಿಗೆ ಮಾತಾಡಿ ಕಳಿಸಿದೆ, ಮಂಜಿಯ ಹೋಟೆಲಿನಲ್ಲಿ ಯಾರೂ ಗಾಡಿ ನಿಲ್ಲಿಸಬೇಡಿ ಅಂತ. ಅದು ನಿನ್ನ ಫೋನಿಗೂ ಬಂತು. ನೀನು ಹೆಬ್ಬೆರಳು ಎತ್ತಿದ ಚಿತ್ರ ಹಾಕಿದ್ದೆ.

ಆಮೇಲೆ ಶಿರಸಿಯಲ್ಲಿ ಒಂದು ಹೋಟೆಲಿಗೆ ಹೋದೆ, ಅದೇ ವಾಸನೆ. ಬಸ್ಸು ಹತ್ತಿ ಯಲ್ಲಾಪುರಕ್ಕೆ ಹೋದೆ, ಅಲ್ಲಿಯೂ ಅದೇ. ಕಡಲೇ ಕೆಟ್ಟಿದೆ, ಐಸಿಗೆ ಏನೋ ಔಷಧಿ ಹಾಕುತ್ತಾರೆ ಎಂದು ಊರೆಲ್ಲ ಹೇಳುತ್ತ ತಿರುಗಿದೆ. ಮನೆಯಲ್ಲಿ ಫಿರ್ದೌಸ್ ಕೊಟ್ಟ ಕಾಫಿಯೂ ಹಾಗೇ ನಾತ ಹೊಡೆಯಿತು, ಅದಕ್ಕೆ ಹಾಲು ಒಡೆದಿದೆ ಎಂದು ಅವಳ ಮೇಲೆ ರೇಗಿದೆ. ಎರಡು ವಾರದ ಕೆಳಗೆ ಯಾಕೋ ಮನಸ್ಸು ತಡೆಯದೆ ನಿನ್ನ ಅಮ್ಮಿಯ ಟ್ರಂಕು ತೆರೆದು ಅವಳ ಅತ್ತರಿನ ಸೀಸೆಯ ಮುಚ್ಚಳ ತೆಗೆದೆ. ಆರು ವರ್ಷದಿಂದ ಈದಿಗೊಮ್ಮೆ ತೆಗೆದು ಮುಚ್ಚುತ್ತಿದ್ದ ಸೀಸೆ. ಅದರಲ್ಲಿಯೂ ಸುಟ್ಟ ರಬ್ಬರು, ಗಟಾರ.

ಸೀಸೆ ಮುಚ್ಚಿ ಟ್ರಂಕಿಗೆ ಬೀಗ ಹಾಕಿದೆ. ಮಾರನೆ ದಿನ ಡಾಕ್ಟರ ಹತ್ತಿರ ಹೋದೆ. ಜ್ವರ ಕೆಲವರಿಗೆ ಮೂಗಿನ ನರ ಕೆಡಿಸುತ್ತದೆ, ಒಳ್ಳೆಯದೂ ಕೆಟ್ಟದಾಗಿ ನಾರುತ್ತದೆ, ಕೆಲವು ತಿಂಗಳಲ್ಲಿ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಈಗಲೂ ದಿನಕ್ಕೆ ಇಬ್ಬರಾದರೂ ಫೋನು ಮಾಡಿ, ಸುಭಾನ್ ಭಾಯ್, ಕುಮಟಾ ಕಡೆ ಹೊರಟಿದ್ದೇವೆ, ಎಲ್ಲಿ ಉಣ್ಣೋಣ ಎಂದು ಕೇಳುತ್ತಾರೆ. ಮೂಗು ಹೋಯಿತು ಎಂದರೆ ನಾಳೆಯಿಂದ ಯಾರು ಕೇಳುತ್ತಾರೆ? ಗ್ರೂಪಿಗೆ ನಿಜ ಹೇಳೋಣ ಎಂದು ನಾಲ್ಕು ಸಲ ಮಾತಾಡಿದೆ, ನಾಲ್ಕು ಸಲ ಅಳಿಸಿದೆ. ಮೊನ್ನೆ ಬುಧವಾರ ಮಂಜಿಯ ಹೋಟೆಲಿನ ಎದುರು ಬಸ್ಸಿನಿಂದ ಇಳಿದೆ ಕೂಡ. ಮಧ್ಯಾಹ್ನ ಒಂದೂವರೆ. ಮೊದಲಾದರೆ ರಸ್ತೆಯ ಎರಡೂ ಬದಿ ಲಾರಿಗಳು. ಮೊನ್ನೆ ಒಂದು ಸ್ಕೂಟರು. ಎರಡು ಬೆಂಚುಗಳನ್ನು ಮಗುಚಿ ಗೋಡೆಗೆ ಒರಗಿಸಿದ್ದಳು. ರಸ್ತೆಯ ಈಚೆಯೇ ನಿಂತಿದ್ದು, ಮುಂದಿನ ಬಸ್ಸಿಗೆ ಕೈ ತೋರಿಸಿ ವಾಪಸು ಬಂದೆ. ಅವಳು ನೋಡಿದಳೋ ಇಲ್ಲವೋ ಗೊತ್ತಿಲ್ಲ.

ಇನ್ನೇನು ಬರೆಯಲಿ. ಹೊತ್ತು ಹೊತ್ತಿಗೆ ತಿನ್ನು, ನಮಾಜು ತಪ್ಪಿಸಬೇಡ, ಡೆಕ್ಕಿನ ಮೇಲೆ ಗಾಳಿ ಇದ್ದಾಗ ಕಿವಿಗೆ ಬಟ್ಟೆ ಕಟ್ಟಿಕೋ. ಅಲ್ಲಾಹನು ನಿನ್ನನ್ನೂ ನಿನ್ನ ಹಡಗನ್ನೂ ಕಾಯಲಿ.

ನಿನ್ನ ಅಬ್ಬಾ,
ಸುಭಾನ್

ತಾ.ಕ.: ಪಾಕೀಟು ಅಂಟಿಸಿದ್ದೆ, ಮತ್ತೆ ಒಡೆದು ಬರೆಯುತ್ತಿದ್ದೇನೆ. ಐದನೆಯ ಸಲ ಮಾತಾಡಿದೆ, ಅಳಿಸುವ ಮೊದಲೇ ಕಳಿಸಿಬಿಟ್ಟೆ: ಕೆಟ್ಟದ್ದು ಮಂಜಿಯ ಮೀನಲ್ಲ, ನನ್ನ ಮೂಗು, ನಾಡಿದ್ದು ಭಾನುವಾರ ಮಧ್ಯಾಹ್ನ ಸುಭಾನ್ ಅಲ್ಲಿ ಊಟಕ್ಕೆ ಕೂರುತ್ತಾನೆ, ಬರುವವರು ಬನ್ನಿ. ಬೀಗರಿಗೂ ಹೇಳಿದೆ. ಫಿರ್ದೌಸ್ ಕೇಳಿಸಿಕೊಂಡು ಒಳಗೆ ಹೋಗಿ ಕಾಫಿ ತಂದಿಟ್ಟಳು, ನಾತವಿದ್ದರೂ ಕುಡಿದೆ. ಈ ಕಾಗದ ನಿನಗೆ ಸಿಗುವಷ್ಟರಲ್ಲಿ ಆ ಭಾನುವಾರ ಮುಗಿದಿರುತ್ತದೆ, ಆದರೂ ದುವಾ ಮಾಡು. ಮಂಜಿ ಒಳಗೆ ಬಿಡುತ್ತಾಳೋ ಗೊತ್ತಿಲ್ಲ. ಬಿಟ್ಟರೆ ಬಂಗಡೆಯನ್ನೇ ಕೇಳುತ್ತೇನೆ. ಎಷ್ಟೇ ನಾರಲಿ, ನನ್ನ ತಟ್ಟೆಯಲ್ಲಿಯೂ ಮುಳ್ಳು ಮಾತ್ರ ಉಳಿಯಬೇಕು.