ಎರಡು ಬಿಳಿ, ಒಂದು ಹೊಸ್ತಿಲು

ಜೋಗೇಶ್ವರಿ, ಮುಂಬಯಿ
೧೨ ಆಗಸ್ಟ್ ೨೦೨೪

ನನ್ನ ಪ್ರೀತಿಯ ಸುಕೇಶ್,

ಹೇಗಿದ್ದೀಯ? ಎಣ್ಣೆ ಸಿಡಿದು ಸುಟ್ಟ ಕೈ ವಾಸಿಯಾಯಿತೇ? ಹಡಗಿನವರಿಗೆಲ್ಲ ಅಡುಗೆ ಮಾಡಿ ಬಡಿಸಿ, ನೀನು ಮಾತ್ರ ಬ್ರೆಡ್ ತಿಂದು ಮಲಗಬೇಡ. ನಾನು ಚೆನ್ನಾಗಿದ್ದೇನೆ. ಇವತ್ತಂತೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ. ರಜೆಗೆ ಬಂದಿದ್ದ ನಿನ್ನ ಜೊತೆಗಾರ ರೋಶನ್ ನಾಳೆ ನಿನ್ನ ಹಡಗು ಸೇರುತ್ತಾನಂತೆ, ಅವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ಚೌತಿಗೆ ಮುಂಚೆ ಮುಂದಿನ ಕೋಣೆಗೆ ಬಣ್ಣ ಹೊಡೆಸಬೇಕು. ನಿನಗೆ ಕೆನೆಬಿಳಿ ಬೇಕು, ನನಗೆ ತುಸು ಬೂದು ಬೆರೆತ ಬಿಳಿ. ಎರಡನ್ನೂ ಗೋಡೆಗೆ ಪಕ್ಕಪಕ್ಕ ಬಳಿಸಿ ಫೋಟೋ ಕಳಿಸಿದಾಗ "ಎರಡೂ ಒಂದೇ ಅಲ್ವಾ ಮಾರಾಯ್ತಿ" ಎಂದು ನಕ್ಕೆಯಲ್ಲ, ನನಗೆ ಉಪಾಯ ಹೊಳೆದದ್ದು ಆಗಲೇ. ನಮ್ಮ ಮದುವೆಯಾದಾಗಿನಿಂದ ನಿನ್ನ ಅಪ್ಪ ಈ ಮನೆಯ ಹೊಸ್ತಿಲು ದಾಟಿಲ್ಲ. ಕಲಬುರಗಿ ಕಡೆಯ ಗಾರೆ ಕೆಲಸದವರ ಮಗಳು ಸೊಸೆಯಾದಳೆಂಬ ಸಿಟ್ಟು. ಅತ್ತೆ ಮೇಲೆ ಬಂದರೂ ಮಾವ ಗೇಟಿನಲ್ಲೇ ಕಾಯುತ್ತಾರೆ. ಆದರೆ ಫೋರ್ಟಿನಲ್ಲಿರುವ ತಮ್ಮ ಹೋಟೆಲಿಗೆ ವರ್ಷ ವರ್ಷವೂ ತಾವೇ ನಿಂತು ಬಣ್ಣ ಹೊಡೆಸುವ ಮನುಷ್ಯ, ಗೋಡೆಯ ವಿಷಯ ಬಂದರೆ ತೀರ್ಪು ಕೊಡದೆ ಇರುತ್ತಾರೆಯೇ? ಹಿರಿಯರು ನೋಡಿ ಹೇಳುವವರೆಗೆ ಬ್ರಷ್ ಮುಟ್ಟಿಸುವುದಿಲ್ಲ ಎಂದು ಅತ್ತೆಯ ಮೂಲಕ ಹೇಳಿ ಕಳಿಸಿದೆ.

ಇವತ್ತು ಅತ್ತೆಯ ಜೊತೆ ಮಾವ ಮೇಲೆ ಬಂದರು! ಚಪ್ಪಲಿ ಬಿಚ್ಚದೆ ಬಾಗಿಲ ಹೊರಗೇ ನಿಂತು ಕತ್ತು ಚಾಚಿದರು. "ಎಂತದಿದು, ಎರಡೂ ಒಂದೇ ಕಾಣ್ತದೆ" ಅಂದರು. "ಅಲ್ಲಿಂದ ಹ್ಯಾಂಗ ಗೊತ್ತಾಗ್ತದ್ರೀ ಮಾವಾರ, ಒಳಗ ಬಂದು ನೋಡ್ರಿ" ಅಂದೆ. ಕನ್ನಡಕ ಏರಿಸಿದರು, ಇಳಿಸಿದರು. ಗೊತ್ತಾಗಲಿಲ್ಲ ಎಂದು ಒಪ್ಪಿಕೊಂಡು ಹೋಗುವ ಆಸಾಮಿಯೇ ಅವರು? ಚಪ್ಪಲಿ ಬಿಚ್ಚಿದರು. ಒಳಗೆ ಬಂದು, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಕುಣಿದೆ.

ಮಳೆಗೆಂದು ಎದುರು ಬಿಲ್ಡಿಂಗಿಗೆ ನೀಲಿ ಟಾರ್ಪಾಲಿನ್ ಹೊದಿಸಿದ್ದಾರಲ್ಲ, ಅದರ ಬೆಳಕಿನಲ್ಲಿ ನನ್ನ ಬೂದುಬಿಳಿ ಆಸ್ಪತ್ರೆಯ ಗೋಡೆಯ ಹಾಗಿದೆಯಂತೆ. ನಿನ್ನ ಕೆನೆಬಿಳಿಯೇ ಸರಿಯಂತೆ. ಹೆಚ್ಚು ಬೀಗಬೇಡ, ಗೆದ್ದವಳು ನಾನು.

ಅತ್ತೆ ನಿನ್ನನ್ನು ಹರಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ದಾನೇಶ್ವರಿ

ಮುಖ್ಯವಾದದ್ದೇ ಬಿಟ್ಟುಹೋಯಿತು: ಬಣ್ಣ ಒಣಗಿದ ಮೇಲೆ ನೋಡಲು ಮಾವ ಭಾನುವಾರ ಮತ್ತೆ ಬರುತ್ತಾರಂತೆ. ಅಷ್ಟು ಹೇಳಿ ಮೆಟ್ಟಿಲು ಇಳಿದವರು ತಿರುಗಿ ಹತ್ತಿ ಬಂದು, ನನ್ನ ಮುಖ ನೋಡದೆ, "ನಿಮ್ಮ ಕಡೆಯ ಜೋಳದ ರೊಟ್ಟಿ ಮಾಡ್ತೀಯಾ ಮಗಾ?" ಎಂದು ಕೇಳಿದರು. ಮಗಾ ಅಂದರು, ಸುಕೇಶ್!