ಸೊಂಟದ ಚೀಲ

ಮಾರ್ಚ್ 11, 2024. ಸೋಮವಾರ. ಬೆಳಿಗ್ಗೆ 10, ಭದ್ರಾವತಿ ಬಸ್ಸಿನಲ್ಲಿ

ಸ್ನಾನ, ತಿಂಡಿ, ಆಮೇಲೆ ಅದು. ಬೀರು ತೆಗೆದು ಆರು ಗುಂಡು ಎಣಿಸಿ ತುಂಬಿ, ರಿವಾಲ್ವರ್ ಚೀಲಕ್ಕೆ ಹಾಕಿ, ಪ್ಯಾಂಟಿನೊಳಗೆ ಬಲಗಡೆ ಸಿಗಿಸಿ, ಮೇಲೆ ಶರ್ಟ್ ಬಿಟ್ಟೆ. ಚೀಲ ಹೆಂಡತಿ ಸುಪ್ರಿಯಾ ಹೊಲಿದಿದ್ದು, ಮಗಳ ಹಳೆ ಜೀನ್ಸ್‌ನಿಂದ. ಹೊಲಿದ ದಿನದ ಸಾರಿಗೆ ಉಪ್ಪೇ ಇರಲಿಲ್ಲ.

ರಿವಾಲ್ವರ್ ಲೈಸೆನ್ಸ್ ಬಂದು ಹದಿನಾಲ್ಕು ತಿಂಗಳು. ಇನ್‌ಶರ್ಟ್ ಮಾಡುವುದು ಬಿಟ್ಟೆ. ನೆಲದ ಪಂಕ್ತಿಯಲ್ಲಿ ಊಟಕ್ಕೆ ಕೂರುವುದು ಬಿಟ್ಟೆ. ಮದುವೆ ಮನೆಯಲ್ಲಿ ಯಾರಾದರೂ ತಬ್ಬಿಕೊಳ್ಳಲು ಬಂದರೆ ಎಡಕ್ಕೆ ತಿರುಗುತ್ತೇನೆ. ಇವತ್ತು ಮಗಳು ಭೂಮಿಕಾಳನ್ನು ಸ್ಕೂಟರ್‌ನಲ್ಲಿ ಪರೀಕ್ಷೆಗೆ ಬಿಟ್ಟು ಬಂದೆ. ಸೆಕೆಂಡ್ ಪಿಯು. ಮೊದಲೆಲ್ಲ ಹಿಂದೆ ಕೂತು ನನ್ನ ಸೊಂಟ ಹಿಡಿಯುತ್ತಿದ್ದಳು. ಈಗ ಸೀಟಿನ ಹಿಂದಿನ ಕಂಬಿ ಹಿಡಿಯುತ್ತಾಳೆ.

ಸಮನ್ಸ್ ಬಂದಿದೆ. ಏಪ್ರಿಲ್ 18, ಭದ್ರಾವತಿ ಕೋರ್ಟ್. ಗೂಡ್ಸ್ ಆಟೋ ಓಡಿಸುತ್ತಿದ್ದ ಮನೋಹರನ ಕೊಲೆ ಕೇಸು. ಕಣ್ಣಾರೆ ಕಂಡವನು ನಾನೊಬ್ಬನೇ. ಹೊಡೆದವರು ಅಣ್ಣ ತಮ್ಮ, ಇಬ್ಬರೂ ಬೇಲ್ ಮೇಲೆ ಹೊರಗಿದ್ದಾರೆ. ಹೆಸರು ಬರೆಯುವುದಿಲ್ಲ. ಈ ಡೈರಿಯನ್ನು ಯಾರೂ ಓದುವುದಿಲ್ಲ, ಆದರೂ ಬರೆಯುವುದಿಲ್ಲ. ದೊಡ್ಡವನು, ಚಿಕ್ಕವನು. ಅಷ್ಟು ಸಾಕು.

ಮಾರ್ಚ್ 14

ಭದ್ರಾವತಿಯ ನನ್ನ ಅಂಗಡಿಯಲ್ಲಿ ಎರಡು ಪಂಪಿನ ಮೋಟಾರ್. ಎರಡೂ ಸುಟ್ಟು ಕರಿ. ಬೇಸಿಗೆ ಬಂದರೆ ರಿವೈಂಡಿಂಗ್ ಮಾಡುವವನಿಗೆ ಹಬ್ಬ. ತಾಮ್ರದ ತಂತಿ ಸುತ್ತುವಾಗ ಲೆಕ್ಕ ತಪ್ಪಿತು, ಬಿಚ್ಚಿದೆ, ಮತ್ತೆ ತಪ್ಪಿತು. ಮೂವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ.

ಹನ್ನೊಂದಕ್ಕೆ ಚೌಡಯ್ಯ ಬಂದರು. ಮನೋಹರನ ಅಪ್ಪ. ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು, ಸೈರನ್ ಕೇಳಿ ಕೇಳಿ ಟೈಮು ಮೈಗೆ ಹತ್ತಿದೆ. ಮಗ ಸತ್ತಾಗಿನಿಂದ ದಿನಾ ಬರುತ್ತಾರೆ. ಶಟರ್ ಪಕ್ಕದ ಸ್ಟೂಲ್ ಮೇಲೆ ಕೂತು ಅರ್ಧ ಟೀ ಕುಡಿದು ಹೋಗುತ್ತಾರೆ. ಮಾತಿಲ್ಲ. ಯಾಕೆ ಬರುತ್ತೀರಿ ಎಂದು ಕೇಳುವ ಧೈರ್ಯ ನನಗಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದವನು ಹೆಗಲಿಗೆ ಹೆಗಲು ಒತ್ತಿ ಕೂತ. ಗುರುತಿಲ್ಲದ ಮುಖ. ವಿದ್ಯಾನಗರದ ಹತ್ತಿರ ಇಳಿಯುವಾಗ ಕೇಳಿದ, "ಯೋಗಣ್ಣ, ಮಗಳದ್ದು ಪರೀಕ್ಷೆ ಹೆಂಗಾಯ್ತು?" ಒಳ್ಳೆ ನೆಂಟರ ಥರ ಕೇಳಿದ. ಎರಡು ಸ್ಟಾಪ್ ಮುಂದೆ ಹೋದ ಮೇಲೆ ನನ್ನ ಸ್ಟಾಪ್ ದಾಟಿದ್ದು ಗೊತ್ತಾಯಿತು. ಅಷ್ಟೂ ಹೊತ್ತು ಕೈ ಚೀಲದ ಮೇಲೇ ಇತ್ತು. ಏನು ಪ್ರಯೋಜನ? ಮಗಳ ವಿಚಾರ ಕೇಳಿದವನಿಗೆ ಗುಂಡು ಹಾರಿಸಲಾಗುತ್ತದೆಯೇ?

ಮಾರ್ಚ್ 16

ಎಲೆಕ್ಷನ್ ಡಿಕ್ಲೇರ್ ಆಯಿತು. ಟೀ ಅಂಗಡಿ ಟಿವಿಯಲ್ಲಿ ಎಲ್ಲರೂ ತಾರೀಖು ನೋಡುತ್ತಿದ್ದರು. ನಮ್ಮಲ್ಲಿ ಮೇ 7. ನನಗೆ ಹೊಳೆದಿದ್ದು ಬೇರೆ. ನೀತಿ ಸಂಹಿತೆ ಬಂತೆಂದರೆ ಲೈಸೆನ್ಸ್ ಇರುವ ಬಂದೂಕೆಲ್ಲ ಠಾಣೆಗೆ ಕೊಡಬೇಕು. ರಿಸಲ್ಟ್ ಬಂದ ಮೇಲೆ ವಾಪಸ್. ಅಂದರೆ ಜೂನ್.

ನನ್ನ ಸಾಕ್ಷಿ ಏಪ್ರಿಲ್ 18.

ಮಾರ್ಚ್ 18

ರಿವಾಲ್ವರ್ ಇಟ್ಟುಕೊಳ್ಳಲು ವಿನಾಯಿತಿ ಕೇಳಿ ಠಾಣೆಯಲ್ಲಿ ಅರ್ಜಿ ಕೊಟ್ಟೆ. "ಕಮಿಟಿ ಮುಂದೆ ಇಡ್ತೀವಿ" ಎಂದರು. ಬ್ಯಾಂಕ್ ಗನ್‌ಮ್ಯಾನ್‌ಗಳಿಗೆ ಸಿಗುತ್ತದಂತೆ. ನಾನು ಯಾವ ಬ್ಯಾಂಕು.

ಮಾರ್ಚ್ 19. ಮಧ್ಯಾಹ್ನ

ಕೆಲಸ ನಿಲ್ಲಿಸಿ ಬರೆಯುತ್ತಿದ್ದೇನೆ.

ಮೋಟಾರ್ ಮೇಲೆ ಬಗ್ಗಿದ್ದೆ. ಹಿಂದಿನಿಂದ ಹೆಗಲ ಮೇಲೆ ಒಂದು ಕೈ ಬಿತ್ತು. ತಿರುಗಿದ್ದು ನೆನಪಿಲ್ಲ, ತೆಗೆದಿದ್ದು ನೆನಪಿಲ್ಲ. ನೋಡಿದರೆ ರಿವಾಲ್ವರ್ ಚೌಡಯ್ಯನವರ ಹೊಟ್ಟೆಗೆ ತಾಗಿದೆ. ಇವತ್ತು ಹತ್ತು ಗಂಟೆಗೇ ಬಂದಿದ್ದರು, ಕೋರ್ಟ್ ತಾರೀಖು ನನಗೆ ಗೊತ್ತೋ ಇಲ್ಲವೋ ಎಂದು ಕೇಳಲು ಇರಬೇಕು.

ಹೆದರಲಿಲ್ಲ ಅವರು. ಹಿಂದೆ ಸರಿಯಲೂ ಇಲ್ಲ. ಬಗ್ಗಿ ಅದನ್ನೇ ನೋಡಿದರು.

"ಗುಂಡು ತುಂಬಿದ್ಯಾ?"

"ಹೂಂ."

"ಯಾವಾಗ ತಗೊಂಡೆ ಮಾರಾಯ?"

"ಹೋದ ವರ್ಷ. ಜನವರಿ."

"ತಡ ಆಯ್ತು" ಎಂದರು. ಟೀ ಬೇಡ ಎಂದು ಹೊರಟುಹೋದರು.

ಬೆರಳು ಎಲ್ಲಿತ್ತೆಂದು ನನಗೆ ಗೊತ್ತು. ಒಂದು ಕೂದಲೆಳೆ. ಮಗನನ್ನು ಕಳೆದುಕೊಂಡ ಮುದುಕ ಮಗನ ಕೇಸಿನ ಸಾಕ್ಷಿಯ ಕೈಯಲ್ಲೇ ಸಾಯುತ್ತಿದ್ದ. ಥೂ ನನ್ನ ಜನ್ಮಕ್ಕೆ.

ಮಾರ್ಚ್ 20

ಚೌಡಯ್ಯ ಬರಲಿಲ್ಲ.

ಮಾರ್ಚ್ 23. ಶನಿವಾರ

ಅರ್ಜಿ ಮಂಜೂರಾಗಲಿಲ್ಲ. ರಿವಾಲ್ವರ್ ಠಾಣೆಗೆ ಕೊಟ್ಟು ಬಂದೆ.

ಠಾಣೆಯಲ್ಲಿ ಕ್ಯೂ. ಎಲ್ಲ ಬೆಳೆ ಕಾಯುವ ಬಂದೂಕಿನವರು, ಉದ್ದುದ್ದ ಕೋವಿ, ಗೋಣಿಚೀಲದಲ್ಲಿ ಸುತ್ತಿಕೊಂಡು. ಮೂರ್ತಪ್ಪ ಎನ್ನುವ ಒಬ್ಬ ಗೌಡರು ರಿಜಿಸ್ಟರ್ ಬರೆಯುವ ರೈಟರ್‌ಗೆ ಹೇಳುತ್ತಿದ್ದರು, "ನಾವೇನೋ ಕೊಡ್ತೀವಿ ಸ್ವಾಮಿ. ಎಲೆಕ್ಷನ್ ಬಂದೈತೆ, ತೋಟಕ್ಕೆ ಬರಬ್ಯಾಡ ಅಂತ ಹಂದಿಗೆ ಹೇಳೋರು ಯಾರು?" ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಕಣ್ಣಲ್ಲಿ ನೀರು ಬಂತು, ಕರ್ಚೀಫಿನಲ್ಲಿ ಬೆವರು ಒರೆಸಿದಂತೆ ಮಾಡಿದೆ.

ರೈಟರ್ ನಂಬರ್ ಬರೆದುಕೊಂಡು ಗುಂಡು ಎಣಿಸಿದರು. ಒಂದು ಚೀಟಿಗೆ ನನ್ನ ಹೆಸರು ಬರೆದು ಟ್ವೈನ್ ದಾರದಲ್ಲಿ ಕಟ್ಟಿದರು. ಮದುವೆಯಲ್ಲಿ ಪಾತ್ರೆ ಬಾಡಿಗೆಗೆ ತಂದಾಗ ಕಟ್ಟುವ ಹಾಗೆ. ರಸೀದಿ ಕೊಟ್ಟರು.

ಮನೆಯಲ್ಲಿ ಸುಪ್ರಿಯಾ ಖಾಲಿ ಸೊಂಟ ನೋಡಿದಳು. "ಅಬ್ಬ, ಇವತ್ತಾದ್ರೂ ನಿದ್ದೆ ಬರುತ್ತೆ" ಎಂದಳು.

"ಅವರು ಬಂದ್ರೆ?"

"ರೀ, ನಿಮಗೆ ಅವರ ಭಯ. ನನಗೂ ಮಗಳಿಗೂ ಈ ಒಂದು ವರ್ಷ ನಿಮ್ಮದೇ ಭಯ. ಪೇಪರ್ ಸದ್ದಾದ್ರೂ ಸೊಂಟಕ್ಕೆ ಕೈ ಹಾಕ್ತೀರ."



ಮಾರ್ಚ್ 26

ಅದಿಲ್ಲದೆ ಮೂರು ದಿನ. ನಡೆಯುವಾಗ ಮೈ ಎಡಕ್ಕೆ ವಾಲುತ್ತದೆ. ಚೀಲ ಮಾತ್ರ ಇನ್ನೂ ಸಿಗಿಸಿಕೊಳ್ಳುತ್ತೇನೆ, ಒಳಗೆ ರಸೀದಿ.

ಒಂದು ವಿಷಯ ಇಲ್ಲಿಯವರೆಗೆ ಬರೆದಿಲ್ಲ. ಸುಪ್ರಿಯಾಗೂ ಹೇಳಿಲ್ಲ. ಪೊಲೀಸರು ಕೇಳಲಿಲ್ಲ, ನಾನು ಹೇಳಲಿಲ್ಲ.

2021ರ ಡಿಸೆಂಬರ್. ಸಂಜೆ. ಗೂಡ್ಸ್ ಆಟೋ ಸ್ಟ್ಯಾಂಡಿನಲ್ಲಿ ಸರದಿ ಯಾರದೆಂದು ಜಗಳ. ಇಷ್ಟೇ ಇಷ್ಟು ಜಗಳ. ನಾನು ಅಂಗಡಿ ಮುಚ್ಚುತ್ತಿದ್ದೆ, ಶಟರ್ ಅರ್ಧ ಇಳಿದಿತ್ತು. ಮನೋಹರ ನನ್ನ ಕಡೆಗೇ ಓಡಿಬಂದ. ಹಿಂದೆ ಅವರಿಬ್ಬರು. ದೊಡ್ಡವನ ಕೈಯಲ್ಲಿ ಮಚ್ಚು, ಚಿಕ್ಕವನ ಕೈಯಲ್ಲಿ ಜಾಕ್ ರಾಡ್. ಲೈಟ್ ಕಂಬದ ಕೆಳಗೆ ಎರಡು ಮುಖವೂ ಸ್ಪಷ್ಟ. ಮೊದಲ ಏಟು ಬಿದ್ದಿದ್ದನ್ನು ನೋಡಿದೆ. ಮನೋಹರ ಬಿದ್ದು, ಎದ್ದು, ಮತ್ತೆ ನನ್ನ ಕಡೆ ಬಂದ.

ನಾನು ಶಟರ್ ಎಳೆದುಬಿಟ್ಟೆ.

ಒಳಗಿನಿಂದ ಬೀಗ ಹಾಕಿದೆ. ಅವನು ಬಡಿದ. "ಯೋಗಣ್ಣ, ತೆಗಿ. ಯೋಗಣ್ಣ." ನಾಲ್ಕು ಸಲ ಬಡಿದ. ಐದನೆಯದಕ್ಕೆ ಕಾದೆ. ಬರಲಿಲ್ಲ.

ಅದಕ್ಕೇ ರಿವಾಲ್ವರ್. ಆತ್ಮರಕ್ಷಣೆಗೆ ಎಂದು ಅರ್ಜಿಯಲ್ಲಿ ಬರೆದೆ. ಆವತ್ತು ಇದಿದ್ದಿದ್ದರೆ ಶಟರ್ ತೆಗೆಯುತ್ತಿದ್ದೆ ಎಂದು ದಿನಾ ಬೆಳಿಗ್ಗೆ ನನಗೆ ನಾನೇ ಹೇಳಿಕೊಳ್ಳಲು ತೆಗೆದುಕೊಂಡೆ. ಸುಳ್ಳು. ಇದ್ದಿದ್ದರೂ ಎಳೆಯುತ್ತಿದ್ದೆ.

ಏಪ್ರಿಲ್ 5

ಹತ್ತು ದಿನ ಬರೆಯಲಿಲ್ಲ. ಬರೆದಿದ್ದನ್ನು ಹರಿದು ಹಾಕೋಣ ಎನಿಸಿತ್ತು.

ಇವತ್ತು ಹನ್ನೊಂದಕ್ಕೆ ಸ್ಟೂಲ್ ಎಳೆದ ಸದ್ದು. ಚೌಡಯ್ಯ ಬಂದರು ಎಂದು ಜೀವ ಬಂದಂತಾಯಿತು. ತಿರುಗಿದರೆ ಚಿಕ್ಕವನು. ಅದೇ ಸ್ಟೂಲ್ ಮೇಲೆ. ಬಿಳಿ ಶರ್ಟು, ಕುಂಕುಮ, ಕೈಯಲ್ಲಿ ಏನೂ ಇಲ್ಲ.

"ಠಾಣೆಗೆ ಕೊಟ್ರಂತೆ, ಯೋಗಣ್ಣ. ಒಳ್ಳೇದಾಯ್ತು ಬಿಡಿ. ಮನೇಲಿ ಹೆಣ್ಮಕ್ಕಳಿರ್ತಾರೆ, ಅಂಥದ್ದೆಲ್ಲ ಯಾಕೆ."

ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟೆ.

"ಎರಡೂವರೆ ವರ್ಷದ ಹಿಂದಿನ ಮಾತು. ಕತ್ತಲಾಗಿತ್ತು. ನೆನಪಿಲ್ಲ ಅಂದ್ಬಿಡಿ, ಅಷ್ಟೇ. ನಾವು ನಿಮಗೆ ಒಂದು ದಿನ ಏನಾದ್ರೂ ಅಂದಿದೀವಾ?"

ಹೋಗುವಾಗ ಶಟರ್‌ಗೆ ಬೆರಳಲ್ಲಿ ಮೆಲ್ಲಗೆ ಬಡಿದ. ನಾಲ್ಕು ಸಲ. ಅವನಿಗೆ ಗೊತ್ತಿದೆ. ಅವನು ಅಲ್ಲೇ ಇದ್ದನಲ್ಲ.

ಸ್ಟೂಲನ್ನು ಅಂಗಡಿ ಹಿಂದಿನ ನಲ್ಲಿ ಹತ್ತಿರ ಒಯ್ದು ತೊಳೆದೆ.

ಏಪ್ರಿಲ್ 6

ಚಿಕ್ಕವನು ಬಂದಿದ್ದನ್ನು ಕೇಳಿ ಸುಪ್ರಿಯಾ: "ಹಾಳಾಗ್ಹೋಗ್ಲಿ, ನೆನಪಿಲ್ಲ ಅಂದ್ಬಿಡಿ. ಸತ್ತವನು ಎದ್ದು ಬರ್ತಾನಾ? ನಿಮ್ಮ ಕಾಲಿಗೆ ಬೀಳ್ತೀನಿ."

ನಿಜಕ್ಕೂ ಬಿದ್ದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ. ಆಗಲಿ ಎಂದೆ. ಎಂದುಬಿಟ್ಟೆ. ಸಮಾಧಾನವೇ ಆಯಿತು, ನಾಚಿಕೆಗೇಡು.

ಏಪ್ರಿಲ್ 9. ಯುಗಾದಿ

ಬೇವು ಬೆಲ್ಲ ಪೊಟ್ಟಣ ಕಟ್ಟಿಕೊಂಡು ಚೌಡಯ್ಯನವರ ಮನೆಗೆ ಹೋದೆ. ಸಾಕ್ಷಿ ಹೇಳುವುದಿಲ್ಲ ಎಂದು ಎದುರೇ ಹೇಳಿ ಕೈ ಮುಗಿದು ಬರೋಣ ಎಂದು. ಬಾಗಿಲಿಗೆ ತೋರಣವಿರಲಿಲ್ಲ. ಅವರ ಹೆಂಡತಿ ಶೇಷಮ್ಮ ನೀರು ಕೊಟ್ಟು ಒಳಗೆ ಹೋದರು.

ಬೇವು ಬೆಲ್ಲ ಅಂಗೈಗೆ ಹಾಕಿದೆ. ಚೌಡಯ್ಯ ಬೆಲ್ಲ ಬಿಟ್ಟು ಬೇವಿನೆಲೆ ಆರಿಸಿ ಬಾಯಿಗೆ ಹಾಕಿಕೊಂಡರು. ನಾನು ಬೇರೇನೋ ಹೇಳಲು ಬಂದವನು ಬಾಯಿ ತೆಗೆದರೆ ಶಟರ್ ಮಾತೇ ಬಂತು. ಪೂರ್ತಿ ಹೇಳಿದೆ. ನಾಲ್ಕು ಬಡಿತವನ್ನೂ ಹೇಳಿದೆ. ಹೇಳುವಾಗ ನಾನು ತಲೆ ಎತ್ತಲಿಲ್ಲ.

ಬೇವು ಅಗಿದು ನುಂಗಿದರು.

"ಗೊತ್ತು" ಎಂದರು. "ಹೆಣ ತಗೊಳ್ಳೋಕೆ ಬಂದಾಗ ನೋಡಿದ್ದೆ. ಶಟರ್ ಮೇಲೆ ಕೈ ಗುರುತಿತ್ತು. ಸೊಂಟದ ಮಟ್ಟಕ್ಕೆ. ಕೂತ್ಕೊಂಡೇ ಬಡಿದವ್ನೆ ನನ್ನ ಮಗ. ನೀನು ಮಾರನೇ ದಿನ ತೊಳೆದೆ."

ತೊಳೆದಿದ್ದೆ. ಸೋಪಿನ ಪುಡಿ ಹಾಕಿ ತೊಳೆದಿದ್ದೆ.

"ಮತ್ತೆ ದಿನಾ ಯಾಕೆ ಬರ್ತಿದ್ರಿ?"

"ನೀನು ಹೇಳ್ತೀಯ ಅಂತ. ಎರಡು ವರ್ಷ ಕಾದೆ. ಬಂದೂಕು ತೋರಿಸ್ದೆ, ಮಾತು ಹೇಳ್ಲಿಲ್ಲ."

ಅತ್ತುಬಿಟ್ಟೆ. ಸಮಾಧಾನ ಮಾಡಲಿಲ್ಲ ಅವರು, ಬೆನ್ನು ಮುಟ್ಟಲಿಲ್ಲ. ಯಾಕೆ ಮುಟ್ಟಬೇಕು. ಹೊರಡುವಾಗ ಬಾಗಿಲವರೆಗೆ ಬಂದರು.

"ತೆಗೀಲಿಲ್ಲ, ಆಯ್ತು. ಹೇಳೋದಾದ್ರೂ ಹೇಳು."

ಏಪ್ರಿಲ್ 13

ಸುಪ್ರಿಯಾಗೆ ಎಲ್ಲ ಹೇಳಿದೆ. ಶಟರ್ ವಿಷಯವನ್ನೂ, ಸಾಕ್ಷಿ ಹೇಳುತ್ತೇನೆ ಎನ್ನುವುದನ್ನೂ. ಬಹಳ ಹೊತ್ತು ಗ್ಯಾಸ್ ಕಟ್ಟೆ ಒರೆಸಿದಳು. ಆಮೇಲೆ, "ನಾವು ಸಾಗರಕ್ಕೆ ಹೋಗ್ತೀವಿ, ಅಮ್ಮನ ಮನೆಗೆ. ಹದಿನೆಂಟನೇ ತಾರೀಖು ಕಳೀಲಿ" ಎಂದಳು. ಮನಸ್ಸು ಬದಲಿಸಿ ಎಂದು ಈ ಸಲ ಕೇಳಲಿಲ್ಲ.

ಬಸ್ ಸ್ಟ್ಯಾಂಡಿಗೆ ಭೂಮಿಕಾಳನ್ನು ಸ್ಕೂಟರ್‌ನಲ್ಲಿ ಬಿಟ್ಟೆ. ಸುಪ್ರಿಯಾ ಬ್ಯಾಗ್ ಇಟ್ಟುಕೊಂಡು ಆಟೋದಲ್ಲಿ ಹಿಂದೆ ಬಂದಳು. ದಾರಿಯಲ್ಲಿ ಸೊಂಟಕ್ಕೆ ಕೈ ಬಂತು. ಮಗಳ ಎರಡೂ ಕೈ. ಚೀಲ ಮುಟ್ಟಿ ಖಾಲಿ ಎಂದು ನೋಡಿಕೊಂಡು ಗಟ್ಟಿಯಾಗಿ ಹಿಡಿದಳು. ಸ್ಕೂಟರ್ ನಿಧಾನ ಓಡಿಸಿದೆ.

ಏಪ್ರಿಲ್ 17

ಪೊಲೀಸ್ ರಕ್ಷಣೆ ಕೇಳಿದ್ದೆ. ಎಲೆಕ್ಷನ್ ಡ್ಯೂಟಿಗೆ ಜನ ಸಾಲುತ್ತಿಲ್ಲವಂತೆ, ಆದರೂ ಕೋರ್ಟ್ ಬಾಗಿಲಿಗೆ ಒಬ್ಬರನ್ನು ಹಾಕುತ್ತಾರಂತೆ. ಕೋರ್ಟ್ ಆದ ಮೇಲೆ? ಮಾರನೇ ದಿನ? ಜೂನ್‌ವರೆಗೆ? ಕೇಳಲಿಲ್ಲ.

ಭಯ ಹೋಗಿಲ್ಲ. ಹೋಗುತ್ತದೆ ಎಂದುಕೊಂಡಿದ್ದೆ.

ಏಪ್ರಿಲ್ 18. ಗುರುವಾರ. 11.20, ಕೋರ್ಟ್ ವರಾಂಡ

ಬಸ್ಸಿನಲ್ಲಿ ಕೈ ಹತ್ತು ಸಲ ಸೊಂಟಕ್ಕೆ ಹೋಯಿತು. ರಸೀದಿ ಚರಪರ ಎಂದಿತು. ಇನ್‌ಶರ್ಟ್ ಮಾಡಿಕೊಂಡು ಬಂದಿದ್ದೇನೆ, ಏನೂ ಇಲ್ಲ ಎಂದು ಯಾರಿಗಾದರೂ ಕಾಣಲಿ. ಅವರು ಹೊಡೆಯುವುದಾದರೆ ಇದೊಳ್ಳೆ ಸುಲಭವಾಯಿತು ಎಂದೂ ಅನಿಸಿತು.

ಎದುರು ಬೆಂಚಿನಲ್ಲಿ ಅವರಿಬ್ಬರು. ದೊಡ್ಡವನು ಮೊಬೈಲ್ ನೋಡುತ್ತಿದ್ದಾನೆ. ಚಿಕ್ಕವನು ನನ್ನನ್ನು ನೋಡುತ್ತಾ ಬೆಂಚಿನ ಮೇಲೆ ಬೆರಳು ಬಡಿಯುತ್ತಿದ್ದಾನೆ. ನಾಲ್ಕು. ಮತ್ತೆ ನಾಲ್ಕು.

ಚೌಡಯ್ಯ ಬಂದು ನನ್ನ ಪಕ್ಕ ಕೂತರು. ಟೈಮು ಹನ್ನೊಂದು ಆಗಲೇ ದಾಟಿದೆ.

ಸರ್ಕಾರಿ ವಕೀಲರು ಹೇಳಿದ್ದಾರೆ, ಹೊಡೆದಿದ್ದು ಯಾರು ಎಂದು ಕೇಳಿದಾಗ ಹೆಸರು ಹಿಡಿದು ಹೇಳಬೇಕು, ಕೈ ತೋರಿಸಿ ಗುರುತಿಸಬೇಕು. ಎರಡೂವರೆ ವರ್ಷದಿಂದ ಆ ಹೆಸರುಗಳನ್ನು ಬಾಯಲ್ಲಿ ಆಡಿಲ್ಲ. ಇಲ್ಲಿ ಬರೆಯಲು ಬಂದರೆ ಅಲ್ಲಿ ಹೇಳಲೂ ಬರುತ್ತದೆ. ಶಟರ್ ಎಳೆದಿದ್ದನ್ನೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಬಾಗಿಲಲ್ಲಿ ಜವಾನ ನನ್ನ ಹೆಸರು ಕೂಗಿದ. ಮೂರು ಸಲ ಕೂಗುತ್ತಾರೆ. ಇದು ಮೊದಲನೆಯದು.

ದೊಡ್ಡವನ ಹೆಸರು ಲೋಹಿತ್. ಬರೆದೆ.

ಎರಡನೆಯ ಕೂಗು. ಚೌಡಯ್ಯ ಎದ್ದು ನಿಂತರು. ನಾನೂ ಎದ್ದೆ, ನಿಂತೇ ಬರೆಯುತ್ತಿದ್ದೇನೆ.

ಚಿಕ್ಕವನ ಹೆಸರು